ಸೊಸೆಯ ಇಂಗ್ಲಿಷ್ ಚೀಟಿಗಳು

ನನಗೆ ಇಂಗ್ಲಿಷ್ ಬಾರದು. ಕನ್ನಡವೂ ಮೂರನೇ ಕ್ಲಾಸಿನವರೆಗೆ ಮಾತ್ರ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಅಮೆರಿಕದ ಡಬ್ಲಿನ್ನಿನ ಅಪಾರ್ಟ್‌ಮೆಂಟಿನಲ್ಲಿ ಸೊಸೆಯ ಮೇಲೆ ಅನುಮಾನ ಹುಟ್ಟುವುದಕ್ಕೆ ಅಷ್ಟು ಓದು ಸಾಕಾಯಿತು.

ಆಗ ಅಲ್ಲಿ ಎಲ್ಲರ ಬಾಯಲ್ಲೂ ಡಾಟ್ ಕಾಮ್ ಕಂಪನಿಗಳದೇ ಮಾತು. ಮಗ ಬೆಳಿಗ್ಗೆ ಪಕ್ಕದೂರು ಪ್ಲೆಸೆಂಟನ್ನಿನ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಮನೆಯಲ್ಲಿ ನಾನು, ಸೊಸೆ, ಎರಡು ವರ್ಷದ ಮೊಮ್ಮಗಳು. ನಾನು ಹೋಗಿ ಹದಿನೈದು ದಿನವಾಗಿರಬೇಕು, ಅಡುಗೆಮನೆಯಲ್ಲಿ ಚೀಟಿಗಳು ಕಾಣಿಸಿಕೊಂಡವು. ಅಂಗೈಯಗಲದ ದಪ್ಪ ಕಾಗದ, ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಅವಳು ಸ್ನಾನಕ್ಕೆ ಹೋದಾಗ ಕನ್ನಡವನ್ನು ಓದಿದೆ. ಕಪಾಟಿನ ಬಾಗಿಲ ಮೇಲೆ ‘ಜಿಪುಣ’. ಸ್ಟವ್ ಪಕ್ಕ ‘ಸದಾ ಗೊಣಗುವ’. ಫ್ರಿಜ್ಜಿನ ಮೇಲೆ ‘ಕಾಲು ಕೆರೆದು ಜಗಳಕ್ಕೆ ಬರುವ’. ಸಿಂಕಿನ ಎದುರು ‘ಕಲ್ಲು ಮನಸ್ಸಿನ’.

ಹಿಂದಿನ ದಿನವಷ್ಟೇ ಉಳಿದ ಅನ್ನ ಕಸಕ್ಕೆ ಹಾಕಬೇಡ ಅಂದಿದ್ದೆ. ಅದಕ್ಕೆ ಜಿಪುಣ. ಹೀಟರು ಸಾಲದು ಅಂದಿದ್ದೆ. ಅದಕ್ಕೆ ಗೊಣಗುವ. ಒಂದೊಂದು ಚೀಟಿಗೂ ನನ್ನದೊಂದು ಮಾತು ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದಿರುವುದು ಅವಳ ಗೆಳತಿಯರು ಬಂದಾಗ ಓದಿ ನಗುವುದಕ್ಕೆ ಎಂದುಕೊಂಡೆ. ಮೂರು ದಿನ ಬಾಯಿ ಬಿಡದೆ ನೋಡಿದೆ. ನಾಲ್ಕನೆಯ ದಿನ ‘ವಟವಟ ಮಾತಾಡುವ’ ಬಂತು. ಮೂರು ದಿನದಿಂದ ಮಾತೇ ಆಡದವಳು ನಾನು. ಅದನ್ನು ಕಿತ್ತು ಅವಳ ಮುಂದಿಟ್ಟೆ.

“ಏನವ್ವ ಇದು? ನನ್ನ ಗುಣಾನೆಲ್ಲ ಬರೆದು ಗೋಡೆಗೆ ಅಂಟಿಸ್ತಾ ಇದ್ದೀಯ?”

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು. “ಅಯ್ಯೋ ಅತ್ತೆ, ಇವು ಎಕ್ಸಾಮಿಗೆ. ಬರ್ಕ್ಲೀ ಯೂನಿವರ್ಸಿಟೀಲಿ ಓದ್ಬೇಕು ಅಂದ್ರೆ ಇಂಥ ಕಷ್ಟದ ಪದ ಎಲ್ಲ ಬರ್ಬೇಕು. ನನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ, ಓದ್ಬೋದು.”

“ಪರೀಕ್ಷೇಲಿ ಬರೀ ಬೈಗುಳನೇ ಕೇಳ್ತಾರಾ?”

“ಈ ವಾರ ಸ್ವಭಾವದ ಪದಗಳು ಅತ್ತೆ. ಮುಂದಿನ ವಾರ ರೋಗದವು.”

ನಂಬಲಿಲ್ಲ. ರೋಗದ ಚೀಟಿ ಬರಲಿ ಎಂದು ವಾರ ಕಾದೆ. ಬಂದವು. ಆಗ ಅರ್ಧ ನಂಬಿದೆ.

ಉಳಿದರ್ಧ ಬೇರೆಯೇ ಅನುಮಾನ. ಅವಳು ನನಗೆ ದಿನಾ ಬಿಸಿ ಮುದ್ದೆ ಮಾಡಿಕೊಡುತ್ತಿದ್ದಳು, ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಇಷ್ಟೊಂದು ಯಾಕೆ? ನೇರವಾಗಿ ಕೇಳಿಬಿಟ್ಟೆ.

“ನೀನು ಪಾಸಾದ್ರೆ ಮಗೂನ ನೋಡ್ಕೊಳ್ಳೋರು ಯಾರು?”

ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ನೀವು ಅಂದ್ಕೊಂಡಿದೀನಿ.”

“ನನ್ನ ಕೇಳ್ದೇನೆ?”

“ಪಾಸಾದ್ಮೇಲೆ ಕೇಳೋಣ ಅಂತ. ಆಗ್ಲಿಲ್ಲ ಅಂದ್ರೆ ಸುಮ್ನೆ ಕೇಳಿ ಚಿಕ್ಕೋಳಾದ ಹಾಗಾಗುತ್ತಲ್ಲ.”

ಸುಳ್ಳು ಹೇಳಿದ್ದರೆ ಜಗಳ ಆಡಬಹುದಿತ್ತು. ನಿಜ ಹೇಳಿದವಳ ಹತ್ತಿರ ಏನು ಮಾಡುವುದು? “ಮೊದ್ಲು ಪಾಸಾಗು. ಆಮೇಲೆ ನೋಡುಮ,” ಅಂದೆ.

ಅಂದಿನಿಂದ ಮಗು ಮಧ್ಯಾಹ್ನ ಮಲಗಿದಾಗ ಚೀಟಿಗಳು ನನ್ನ ಕೈಗೆ ಬಂದವು. ನಾನು ಕನ್ನಡ ಓದುವುದು, ಅವಳು ಇಂಗ್ಲಿಷ್ ಹೇಳುವುದು. ಸರಿಯೋ ತಪ್ಪೋ ನನಗೆ ಹೇಗೆ ಗೊತ್ತಾಗಬೇಕು? ಏನೋ ಒಂದು ಹೇಳಿ ದಾಟಿಸಿಬಿಡುತ್ತಾಳೆ ಅನ್ನಿಸಿ, ಇಂಗ್ಲಿಷನ್ನೂ ಕನ್ನಡ ಅಕ್ಷರದಲ್ಲಿ ಹಿಂದೆ ಬರೆಸಿದೆ. ಬೆರಳಿಟ್ಟು ಕೂಡಿಸಿ ಓದಿ ಒಪ್ಪಿಸಿಕೊಂಡೆ. ಒಂದು ದಿನ ಎರಡು ಚೀಟಿಯಲ್ಲಿ ಜಿಪುಣ ಸಿಕ್ಕಿತು. ಒಂದರ ಹಿಂದೆ ಪಾರ್ಸಿಮೋನಿಯಸ್, ಇನ್ನೊಂದರ ಹಿಂದೆ ಫ್ರೂಗಲ್.

“ಎರಡೂ ಒಂದೇನಾ?”

“ಒಂದೇ ಅತ್ತೆ.”

“ಒಂದೇ ಆದ್ರೆ ಎರಡು ಯಾಕೆ ಮಡಿಕ್ಕೊಂಡವ್ರೆ? ಪುಸ್ತಕ ತೆಗೆದು ನೋಡು.”

ನೋಡಿದಳು. ಮೊದಲನೆಯದು ಕೈ ಬಿಚ್ಚದವರಿಗೆ, ಎರಡನೆಯದು ದುಂದು ಮಾಡದವರಿಗೆ.

“ಅನ್ನ ಚೆಲ್ಬೇಡ ಅಂದೋಳು ಯಾವುದು?”

“ಫ್ರೂಗಲ್,” ಎಂದು ತಲೆ ತಗ್ಗಿಸಿ ನಕ್ಕಳು. ಆ ಚೀಟಿಯನ್ನು ನನ್ನೆದುರೇ ತಿದ್ದಿಸಿದೆ.

ಪರೀಕ್ಷೆ ಕಂಪ್ಯೂಟರಿನಲ್ಲಿ, ಮುಗಿದ ತಕ್ಷಣ ಎಷ್ಟು ಬಂತೆಂದು ಅದೇ ಹೇಳುತ್ತದಂತೆ. ಮಗ, ಮೊಮ್ಮಗಳು, ನಾನು ಕಾರಿನಲ್ಲಿ ಕಾದೆವು. ಅವಳು ಬಂದು ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡಳು. ಫ್ರೀವೇ ಹತ್ತುವವರೆಗೂ ಮಾತಿಲ್ಲ. ಫೇಲಾಗಿದ್ದಾಳೆ, ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ.

“ಏನಾಯ್ತು, ಹೇಳ್ಬುಡು.”

“ಚೆನ್ನಾಗೇ ಬಂದಿದೆ ಅತ್ತೆ. ಈಗ ನಿಮ್ಮನ್ನ ಕೇಳ್ಬೇಕಲ್ಲ, ಹೇಗೆ ಕೇಳೋದು ಅಂತ ಸುಮ್ನಿದ್ದೆ.”

ಮಗ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

“ನೀನು ರಸ್ತೆ ನೋಡು,” ಎಂದು ಅವನಿಗೆ ಹೇಳಿ ಸೊಸೆಯ ಕಡೆ ತಿರುಗಿದೆ. “ಸೀಟು ಸಿಕ್ರೆ, ಮಧ್ಯಾಹ್ನದವರೆಗೆ ಡೇಕೇರು. ಆಮೇಲೆ ನೀನು ಬರೋವರೆಗೆ ನಾನು. ಶನಿವಾರ ಭಾನುವಾರ ನನ್ನ ಕೈಗೆ ಕೊಡಂಗಿಲ್ಲ.”

“ಆಗ್ಲಿ ಅತ್ತೆ.”

ಅಷ್ಟು ಬೇಗ ಒಪ್ಪಿದ್ದು ನೋಡಿ, ಇನ್ನೂ ಸ್ವಲ್ಪ ಬಿಗಿಯಾಗಿ ಹೇಳಬೇಕಿತ್ತೇನೋ ಅನ್ನಿಸಿತು.