ಮೋರಿಯ ಬಳಿ ನಿಲ್ಲುತ್ತಿದ್ದ ಬೈಕು

ದೆವ್ವ, ಆತ್ಮ ಅಂದರೆ ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬಿದ್ದೇನೆ ಅಂತ ಹೇಳಲಾರೆ. ಇಪ್ಪತ್ತೆರಡು ವರ್ಷದಿಂದ ಕಡೂರಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದೇನೆ. "ಆ ಹುಣಸೇಮರದ ಹತ್ರ ಗಾಡಿ ತಾನಾಗೇ ಆಫ್ ಆಯ್ತು ಕಣಣ್ಣ" ಅಂತ ಬೆವರೊರೆಸಿಕೊಂಡು ಬಂದವರಿಗೆ ಲೆಕ್ಕವಿಲ್ಲ. ಅರ್ಧ ಜನರ ದೆವ್ವ ಕಾರ್ಬುರೇಟರಿನೊಳಗೆ ಪೆಟ್ರೋಲು ಹಾಯುವ ಜೆಟ್ಟಿನ ತೂತಿನಲ್ಲಿ ಕಸವಾಗಿ ಕೂತಿರುತ್ತಿತ್ತು, ಇನ್ನರ್ಧ ಜನರದು ಪ್ಲಗ್ಗಿನ ಮೇಲೆ ಮಸಿಯಾಗಿ. ಪೆಟ್ರೋಲು ಹೆಚ್ಚಾಗಿ ಗಾಳಿ ಕಮ್ಮಿಯಾದರೆ ಪ್ಲಗ್ಗು ಕರಿ. ಗಾಳಿ ಹೆಚ್ಚಾದರೆ ಬಿಳಿ. ಎರಡೂ ಹದವಾಗಿದ್ದರೆ ಬಿಸ್ಕತ್ತಿನ ಬಣ್ಣ. ಇದರಾಚೆಗೆ ಇನ್ನೇನೋ ಇದೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ನನ್ನ ನಾಲಿಗೆಯೂ ಒಳ್ಳೆಯದಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಓಂಕಾರಪ್ಪ ಯಗಟಿ ಕಡೆಯವನು. ಅರವತ್ತರ ಹತ್ತಿರದ ಮನುಷ್ಯ. ತನ್ನ ತೋಟದ ತೆಂಗಿನಕಾಯಿಯನ್ನು ವಾರಕ್ಕೆರಡು ಸಲ ಕಡೂರಿನ ಹೋಟೆಲುಗಳಿಗೆ ತಂದು ಹಾಕುತ್ತಿದ್ದ. ಅವನದು ಹಳೇ ಕಾಲದ ಟೂ-ಸ್ಟ್ರೋಕ್ ಬೈಕು, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥದ್ದು. ಕಾಯಿ ಚೀಲ ಕಟ್ಟಲು ಅಡ್ಡ ಬರುತ್ತದೆ ಅಂತ ಹಿಂದಿನ ಚಕ್ರದ ಸೀರೆ ಗಾರ್ಡನ್ನು ತಾನೇ ಬಿಚ್ಚಿ ಹಾಕಿದ್ದ. ಅವನ ಮಗಳು ಸೌಮ್ಯ ಕಡೂರಿನಲ್ಲಿ ಟೈಲರಿಂಗ್ ಕಲಿಯುತ್ತಿದ್ದಳು. ಒಂದು ದಿನ ಅವಳನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋಗುವಾಗ ಅವಳ ವೇಲು ಚಕ್ರಕ್ಕೆ ಸುತ್ತಿಕೊಂಡಿತು. ಊರು ಇನ್ನೂ ಎಂಟು ಕಿಲೋಮೀಟರ್ ಇತ್ತು. ರಸ್ತೆಯಡಿ ಹಳ್ಳದ ನೀರು ಹಾಯುವ ಸಣ್ಣ ಮೋರಿಯ ಹತ್ತಿರ ಬಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಅದೇ ವರ್ಷದ ಆಯುಧಪೂಜೆ ಕಳೆದ ಮೇಲೆ ಬೈಕು ಒಂದು ಹೊಸ ಚಾಳಿ ಕಲಿಯಿತು. ಕಡೂರಿನಿಂದ ಊರಿಗೆ ವಾಪಸು ಹೋಗುವಾಗ ಆ ಮೋರಿಯ ಹತ್ತಿರ ಬಂದರೆ ಗೊರಗೊರ ಅಂದು ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಹೊರಡುತ್ತಿತ್ತು. ತರೀಕೆರೆಯ ಬಾಮೈದನ ಮಾತು ಕೇಳಿ ಅಲ್ಲಿನ ಮೆಕ್ಯಾನಿಕ್ಕಿಗೆ ತೋರಿಸಿದ. ಆ ಪುಣ್ಯಾತ್ಮ ಜೆಟ್ಟಿಗೆ ತಂತಿ ಹಾಕಿ ತಿರುವಿ ತೂತನ್ನೇ ದೊಡ್ಡದು ಮಾಡಿ ಕಳಿಸಿದ. ಅಜ್ಜಂಪುರದವನು ಗಾಳಿಯ ಹದ ಕೂರಿಸುವ ಏರ್ ಸ್ಕ್ರೂ ಒಳಗೆ ಹೊರಗೆ ತಿರುಗಿಸಿ ಕೈ ತೊಳೆದುಕೊಂಡ. ಅಂಗಡಿ ಮುಂದೆ ಚೆನ್ನಾಗಿ ಓಡುವುದು, ಮೋರಿ ಬಂದರೆ ನಿಲ್ಲುವುದು. ಕೊನೆಗೆ ಓಂಕಾರಪ್ಪ ರಿಪೇರಿಯನ್ನೇ ಕೈಬಿಟ್ಟ. ನಿಲ್ಲಿಸುತ್ತಿರುವುದು ಮಗಳೇ ಅಂತ ತೀರ್ಮಾನಕ್ಕೆ ಬಂದ. ಬೈಕು ನಿಂತ ಕೂಡಲೇ ಮೋರಿಯ ಕಟ್ಟೆಯ ಮೇಲೆ ಕೂತು ಅವಳೊಂದಿಗೆ ಮಾತಾಡುತ್ತಿದ್ದನಂತೆ. ಕುರಿ ಮರಿ ಹಾಕಿದ್ದು, ಅವಳವ್ವನ ಮಂಡಿನೋವು, ಅವಳ ಹೊಲಿಗೆ ಮೆಷಿನ್ನನ್ನು ಯಾರಿಗೂ ಕೊಟ್ಟಿಲ್ಲ ಅನ್ನುವುದು, ಎಲ್ಲವನ್ನೂ ಹೇಳುತ್ತಿದ್ದನಂತೆ. ಅವಳು ಸಾಕು ಹೊರಡು ಅಂದಾಗ ಬೈಕು ಸ್ಟಾರ್ಟ್ ಆಗುತ್ತದೆ ಅನ್ನುವುದು ಅವನ ನಂಬಿಕೆ. ಮೂರು ವರ್ಷ ಹೀಗೆ ನಡೆಯಿತು.

ಅವನು ನನ್ನ ಅಂಗಡಿಗೆ ಬಂದದ್ದು ಬರೀ ಕ್ಲಚ್ ವೈರ್ ಹಾಕಿಸಲು. ಈ ಕತೆಯನ್ನು ನನಗೆ ಹೇಳಿದ್ದು ಪಕ್ಕದ ಟೀ ಅಂಗಡಿಯವರು. ಕೇಳಿದ್ದೇ ತಡ ನನ್ನ ಕೈ ನೇರ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಹೋಯಿತು. ತಿರುಗಿಸಿದರೆ ಸುಯ್ ಅಂತ ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಖಾಲಿಯಾದಷ್ಟು ಗಾಳಿ ಅದರಿಂದ ಒಳಗೆ ಬರಬೇಕು. ಅದು ಮುಚ್ಚಿಹೋದರೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲು ಕೆಳಗಿಳಿಯುವುದಿಲ್ಲ, ಗಾಡಿ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಹೇಗೋ ಗಾಳಿ ನುಸುಳುತ್ತದೆ, ಮತ್ತೆ ಓಡುತ್ತದೆ. ಮೆಕ್ಯಾನಿಕ್ಕು ಮುಚ್ಚಳ ತೆಗೆದು ಪೆಟ್ರೋಲು ನೋಡಿದರೆ ಕಾಯಿಲೆ ತಾನಾಗೇ ಮಾಯ. ಇವನು ಮಗಳು ತೀರಿಕೊಂಡ ವರ್ಷದ ಆಯುಧಪೂಜೆಯಿಂದ ವಾರ ವಾರವೂ ಗಾಡಿಗೆ ಪೂಜೆ ಮಾಡಿ, ವಿಭೂತಿ ಗಂಧ ಕುಂಕುಮವನ್ನು ಆ ಮುಚ್ಚಳದ ಮೇಲೇ ಮೆತ್ತುತ್ತಿದ್ದ. ಕಡೂರಿನ ಬಂಕಿನಲ್ಲಿ ಪ್ರತಿ ಸಲ ಅಷ್ಟೇ ಪೆಟ್ರೋಲು, ಅದೇ ನಿಧಾನದ ಓಟ, ಹಾಗಾಗಿ ಅದೇ ಜಾಗ. ಬೆಳಿಗ್ಗೆ ಬರುವಾಗ ಟ್ಯಾಂಕಿನಲ್ಲಿ ಪೆಟ್ರೋಲಿಗಿಂತ ಗಾಳಿಯೇ ಹೆಚ್ಚು, ಆದ್ದರಿಂದ ನಿಲ್ಲುತ್ತಿರಲಿಲ್ಲ.

ಸುಮ್ಮನೆ ತೂತು ಬಿಡಿಸಿ ಕಳಿಸಬಹುದಿತ್ತು. ಬಾಯಿ ಮುಚ್ಚಿಕೊಂಡು ಕ್ಲಚ್ ವೈರ್ ಮಾತ್ರ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೆ ಟೀ ಕುಡಿಯುತ್ತಿದ್ದ ಐದಾರು ಜನರನ್ನು ಕರೆದೆ. ಸೂಜಿ ಹಾಕಿ, ಒಣಗಿದ ಕುಂಕುಮದ ಚೂರನ್ನು ಅದರ ತುದಿಯಲ್ಲಿ ಎತ್ತಿ ಅವನ ಮುಖದ ಮುಂದೆ ಹಿಡಿದೆ.

"ನೋಡಿ ಯಜಮಾನ್ರೇ, ನಿಮ್ಮ ಮಗಳು ಸಿಕ್ಕಿದ್ಲು. ಮೂರು ವರ್ಷದಿಂದ ಇದರ ಜೊತೆ ಮಾತಾಡ್ತಿದ್ರಿ."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಓಂಕಾರಪ್ಪ ಸೂಜಿಯನ್ನು ತುಂಬ ಹೊತ್ತು ನೋಡಿದ. "ಅಷ್ಟೇನಾ?" ಅಂದ. ಆಮೇಲೆ ಗಾಡಿ ಹತ್ತಿ ಹೋದ.

ಹತ್ತು ದಿನ ಬಿಟ್ಟು ಮತ್ತೆ ಬಂದ. ಗಡ್ಡ ಬಿಟ್ಟಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದ ಅನಿಸುತ್ತದೆ. "ಗಾಡಿ ಈಗ ಅಲ್ಲಿ ನಿಲ್ತಿಲ್ಲ. ಹೆಂಗಿತ್ತೋ ಹಂಗೇ ಮಾಡ್ಕೊಡಪ್ಪ. ನಾನೇ ಕುಂಕುಮ ಮೆತ್ತಕ್ಕೆ ಹೋದೆ, ಕೈ ಬರ್ತಿಲ್ಲ" ಅಂದ. ಕೆಟ್ಟ ಗಾಡಿ ರಿಪೇರಿ ಮಾಡುವವನು ನಾನು, ರಿಪೇರಿಯಾದದ್ದನ್ನು ಕೆಡಿಸುವವನಲ್ಲ ಅಂದೆ. ಮೋರಿ ಹತ್ತಿರ ಕೂರಬೇಕು ಅನಿಸಿದರೆ ಗಾಡಿ ಆಫ್ ಮಾಡಿ ಕೂತುಕೊಳ್ಳಿ, ಯಾರು ಬೇಡ ಅಂತಾರೆ ಅಂತಲೂ ಅಂದೆ.

"ನಾನು ನಿಲ್ಸಿದ್ರೆ ನಾನು ನಿಲ್ಸಿದಂಗಾಯ್ತು ಕಣಪ್ಪ. ಅವಳು ನಿಲ್ಸಿದಂಗೆ ಆಗಲ್ಲ."

ಅದಕ್ಕೂ ನಾನು ನಕ್ಕೆ. ಹಾಗಾದರೆ ನೀವೇ ಮಾತಾಡಿ ನೀವೇ ಉತ್ತರ ಹೇಳಿಕೊಳ್ಳುತ್ತಿದ್ದಿರಿ ಅಂತ ಈಗಲಾದರೂ ಗೊತ್ತಾಯಿತಲ್ಲ ಅಂದೆ. ಅವನು ಬೈಕಿನ ಕೀಲಿಯನ್ನು ನನ್ನ ಟೂಲ್ ಬಾಕ್ಸಿನ ಮೇಲಿಟ್ಟು, ಗಾಡಿ ಬಿಟ್ಟು, ಬಸ್ಸಿನ ಕಡೆ ನಡೆದ.

ನಾಲ್ಕು ದಿನ ಅದು ಅಂಗಡಿ ಮುಂದೆ ಜಾಗ ತಿನ್ನುತ್ತಾ ನಿಂತಿತ್ತು. ಐದನೇ ದಿನ ಮಧ್ಯಾಹ್ನ ನಾನೇ ಹತ್ತಿ ಹೊರಟೆ, ಕೊಟ್ಟು ಬಸ್ಸಿನಲ್ಲಿ ಬರೋಣ ಅಂತ. ಹೊರಡುವ ಮೊದಲು ತರೀಕೆರೆಯವನು ಹಾಳುಮಾಡಿದ ಜೆಟ್ಟು ಬದಲಿಸಿದ್ದೆ, ಏರ್ ಸ್ಕ್ರೂ ಒಂದೂವರೆ ಸುತ್ತಿಗೆ ಕೂರಿಸಿದ್ದೆ. ಗಾಡಿ ಹೂವಿನಂತೆ ಓಡುತ್ತಿತ್ತು. ಮೋರಿಯ ಹತ್ತಿರ ನಿಂತಿತು.

ಮೂರು ಗಂಟೆಯ ಬಿಸಿಲು. ರಸ್ತೆಯಲ್ಲಿ ಯಾರೂ ಇರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಮುಚ್ಚಳ ತೆಗೆದೆ, ಗಾಳಿ ಎಳೆದುಕೊಂಡ ಸದ್ದಿಲ್ಲ. ತೂತಿಗೆ ಬಾಯಿಟ್ಟು ಊದಿದೆ, ಸಲೀಸಾಗಿ ಹೋಯಿತು. ಪೈಪು ಬಿಚ್ಚಿದರೆ ಪೆಟ್ರೋಲು ಧಾರೆಯಾಗಿ ಬಂತು. ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆ, ಒಂದು ಕಸವಿಲ್ಲ, ಒಂದು ಹನಿ ನೀರಿಲ್ಲ. ಜೆಟ್ಟನ್ನು ಬಿಸಿಲಿಗೆ ಹಿಡಿದರೆ ಆಚೆಯ ಆಕಾಶ ಕಂಡಿತು. ಪ್ಲಗ್ಗು ಬಿಸ್ಕತ್ತಿನ ಬಣ್ಣ, ಕಿಡಿ ನೀಲಿ. ಪೆಟ್ರೋಲು, ಗಾಳಿ, ಕಿಡಿ ಮೂರೂ ಇದ್ದ ಮೇಲೆ ಇಂಜಿನ್ನು ಓಡಲೇಬೇಕು, ಬೇರೆ ದಾರಿಯೇ ಇಲ್ಲ. ಕಾಲು ಸೋಲುವವರೆಗೆ ಕಿಕ್ ಹೊಡೆದೆ. ಒಂದು ಸಲ ಕೆಮ್ಮಲೂ ಇಲ್ಲ.

ಸುಸ್ತಾಗಿ ಮೋರಿಯ ಕಟ್ಟೆಯ ಮೇಲೆ ಕೂತೆ. ಏನೂ ಕೇಳಲಿಲ್ಲ, ಏನೂ ಕಾಣಲಿಲ್ಲ. ಹತ್ತು ನಿಮಿಷವೋ ಏನೋ ಕಳೆದ ಮೇಲೆ ಎದ್ದು ಕಿಕ್ ಮೇಲೆ ಕಾಲಿಟ್ಟೆ. ಮೊದಲ ಕಿಕ್ಕಿಗೇ ಸ್ಟಾರ್ಟ್.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಿಸಿಗೆ ಕಿಡಿ ಕೊಡುವ ಕಾಯಿಲ್ ಸೋತಿತು ಅಂತ ಏನೋ ಒಂದು ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಒಬ್ಬರು ಕೂತ ಗಾಡಿಯ ಸದ್ದೇ ಬೇರೆ, ಡಬಲ್ಸ್ ಹೋಗುವ ಗಾಡಿಯ ಸದ್ದೇ ಬೇರೆ. ಅಂಗಡಿಯೊಳಗೆ ತಲೆ ಬಗ್ಗಿಸಿ ಕೂತಿದ್ದರೂ ರಸ್ತೆಯಲ್ಲಿ ಹೋದ ಬೈಕಿನಲ್ಲಿ ಎಷ್ಟು ಜನ ಅಂತ ನಾನು ಹೇಳಬಲ್ಲೆ. ಮೋರಿ ಬಿಟ್ಟು ಹೊರಟ ಬೈಕು ಡಬಲ್ಸ್ ಸದ್ದು ಮಾಡುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್ ಕೆಳಗೆ ಕೂತಿತ್ತು. ಸಣ್ಣ ಏರಿನಲ್ಲೂ ಟಾಪ್ ಗೇರ್ ಎಳೆಯಲಿಲ್ಲ, ಥರ್ಡಿಗೆ ಇಳಿಸಬೇಕಾಯಿತು. ನಾನು ಹಿಂದೆ ತಿರುಗಿ ನೋಡಲಿಲ್ಲ. ಧೈರ್ಯವಿರಲಿಲ್ಲ. ಎಂಟು ಕಿಲೋಮೀಟರ್ ಹಾಗೇ ಹೋದೆ. ಓಂಕಾರಪ್ಪನ ತೋಟದ ಗೇಟಿನ ಮುಂದೆ ನಿಧಾನ ಮಾಡಿದಾಗ ಹಿಂಭಾಗ ಮೇಲಕ್ಕೆದ್ದಿತು. ಯಾರಾದರೂ ಇಳಿದರೆ ಏಳುತ್ತದಲ್ಲ, ಹಾಗೆ. ಇಂಜಿನ್ನಿನ ಸದ್ದು ಹಗುರವಾಯಿತು.

ಅವನು ಮನೆ ಮುಂದೆ ಕೂತು ಕಾಯಿ ಸುಲಿಯುತ್ತಿದ್ದ. ನಾನು ಬೈಕು ನಿಲ್ಲಿಸಿ, ಒಂದನ್ನೂ ಬಿಡದೆ ಹೇಳಿದೆ. ತಪ್ಪಾಯಿತು ಅಂತಲೂ ಹೇಳಿದೆ, ಜೀವಮಾನದಲ್ಲಿ ಗಿರಾಕಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಕಾಲಿಗೆ ಬೀಳುವುದೊಂದು ಬಾಕಿ. ಅವನ ಮುಖದಲ್ಲಿ ಸಂತೋಷ ಕಾಣುತ್ತದೆ ಅಂದುಕೊಂಡಿದ್ದೆ. ಅವನು ಕಾಯಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ.

"ಇನ್ನೊಂದ್ಸಲ ನಗಾಡಕ್ಕೆ ಇಲ್ಲೀವರೆಗೂ ಬಂದ್ಯೇನಪ್ಪಾ?" ಅಂದ.

ಮಕ್ಕಳಾಣೆ ಇಟ್ಟೆ. ಗೇಟಿನ ತನಕ ಬಂದಳು, ಇಲ್ಲೇ ಇಳಿದಳು ಅಂದೆ. ಅವನು ಆಗ ತಲೆಯೆತ್ತಿ ಗೇಟಿನ ಕಡೆ ಒಂದು ಸಲ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಗೇಟ್ ತನಕ ಬಂದೋಳು ಒಳಕ್ಕೆ ಬರ್ತಿರ್ಲಿಲ್ವಾ? ಅವರವ್ವ ಇಲ್ಲೇ ಅವ್ಳಲ್ಲ" ಅಂದ. ಇನ್ನೊಂದು ಕಾಯಿ ಕೈಗೆತ್ತಿಕೊಂಡ.

ಕೀಲಿಯನ್ನು ಅವನ ಪಕ್ಕದಲ್ಲಿಟ್ಟು ಬಸ್ಸಿನ ಕಡೆ ನಡೆದೆ. ಬೈಕು ಯಾಕೆ ನಿಂತಿತು, ಯಾರ ಭಾರ ಹೊತ್ತುಕೊಂಡು ಬಂತು, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ನನ್ನ ಬೈಕಿನಲ್ಲಿ ಎಷ್ಟೋ ಸಲ ಬೇಕೆಂದೇ ಆ ಮೋರಿಯ ಮೇಲೆ ಹೋಗಿದ್ದೇನೆ, ಒಮ್ಮೆಯೂ ನಿಂತಿಲ್ಲ. ಕಡೂರಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ಅವರು ಹೇಗೆ ನಗುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಓಂಕಾರಪ್ಪ ಆ ತಿಂಗಳೇ ಬೈಕನ್ನು ಗುಜರಿಗೆ ಹಾಕಿದ. ಈಗ ಕಾಯಿ ಚೀಲದ ಜೊತೆ ಬಸ್ಸಿನಲ್ಲಿ ಓಡಾಡುತ್ತಾನೆ. ಆ ಮೋರಿಯ ಹತ್ತಿರ ಬಸ್ಸಿಗೆ ಸ್ಟಾಪಿಲ್ಲ.