ಇಲಿಯ ಸೂಜಿ, ಅಕ್ಕನ ಕಣ್ಣು

ಕಳೆದ ತಿಂಗಳು ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ನಮ್ಮಕ್ಕ ಮುಖದ ಮುಂದೆ ಕೈಯಾಡಿಸಿ ನೊಣ ಓಡಿಸುತ್ತಿದ್ದಳು. ನಾನೂ ನೋಡಿದೆ. ನೊಣವೇ ಇರಲಿಲ್ಲ.

ಅದೇ ನನಗೆ ಭಯ. ಯಾಕೆಂದು ತಿಳಿಯಬೇಕಾದರೆ ಬೆಳಗಿನಿಂದ ಹೇಳಬೇಕು.

ಅಕ್ಕ ತಮಿಳುನಾಡಿನ ಕಾರಿಮಂಗಲಂ ಕಡೆಯ, ಕನ್ನಡ ಮಾತಾಡುವ ನಮ್ಮ ಹಳ್ಳಿಯಲ್ಲಿ ಕುರಿ ಕಾಯುತ್ತಾಳೆ. ಅವಳು ಕುರಿ ಹಿಂದೆ ಹೋದಳು, ನಾನು ಕಾಲೇಜಿಗೆ ಹೋದೆ. ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನನ್ನದು. (ಹೆಮ್ಮೆ ಇದೆ. ಯಾಕಿರಬಾರದು?) ಅವಳಿಗೆ ಶುಗರ್. ಹೋದ ವರ್ಷ ಬಲಗಣ್ಣು ಒಳಗೇ ರಕ್ತ ಸೋರಿ ಕತ್ತಲಾಯಿತು. ಉಳಿದದ್ದು ಎಡಗಣ್ಣು. ಅದರೊಳಗೂ ಬೇಡದ ರಕ್ತನಾಳಗಳು ಹಬ್ಬಿವೆ, ಯಾವಾಗ ಒಡೆಯುತ್ತವೋ ಗೊತ್ತಿಲ್ಲ, ಇವತ್ತೇ ಲೇಸರ್ ಹಾಕಿಸಿ ಎಂದರು ಅಂದು ಬೆಳಿಗ್ಗೆ ಸೇಲಂ ಕಣ್ಣಿನ ಡಾಕ್ಟರು.

ನಾನು ಸುಮ್ಮನಿದ್ದೆನೇ? ಮ್ಯಾಗಜೀನಿನಲ್ಲಿ ಓದಿದ್ದೆನಲ್ಲ! ಆ ನಾಳಗಳು ಬೆಳೆಯದಂತೆ ತಡೆಯುವ ಜೀನನ್ನೇ ಸೂಜಿಮದ್ದಾಗಿ ಕಣ್ಣಿಗೆ ಸೇರಿಸುವ ಜೀನ್ ಥೆರಪಿ ಬರುತ್ತಿದೆಯಂತಲ್ಲ ಸರ್, ಎಂದು ತಮಿಳಿನಲ್ಲೇ ಕೇಳಿದೆ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ತಂಬಿ, ಅದೆಲ್ಲಾಂ ಇಪ್ಪೋ ಎಲಿಕ್ಕು ದಾನ್." ಸದ್ಯಕ್ಕೆ ಅದೆಲ್ಲ ಇಲಿಗೆ ಮಾತ್ರ.

ಅಕ್ಕನ ಕಿವಿ ನಿಮಿರಿತು. "ಅದೇನ್ಲಾ ಅದು?"

ವರಾಂಡದಲ್ಲಿ ಕೂರಿಸಿ ಪಾಠ ಮಾಡಿದೆ. ಕಣ್ಣಿನೊಳಗೆ ರಕ್ತ ಸಿಗದ ಜಾಗಗಳು ಹಸಿದ ಮರಿಗಳ ಹಾಗೆ ಕೂಗುತ್ತವೆ. ಆ ಕೂಗಿಗೆ ಹೊಸ ನಾಳ ಹುಟ್ಟುತ್ತವೆ, ಗಟ್ಟಿಯಿಲ್ಲ, ಒಡೆಯುತ್ತವೆ. ಜೀನ್ ಸೂಜಿ ಬಂದರೆ ಆ ಕೂಗನ್ನಷ್ಟೇ ಅಡಗಿಸುತ್ತದೆ. ಲೇಸರ್ ಕೂಗುವ ಜಾಗವನ್ನೇ ಸುಡುತ್ತದೆ. ನಡುವಿನ ನೋಟ ಉಳಿಯುತ್ತದೆ, ಪಕ್ಕದ್ದು ಸ್ವಲ್ಪ ಹೋಗುತ್ತದೆ.

ಎಂಥ ಉದಾಹರಣೆ ಕೊಟ್ಟೆ ಎಂದು ಬೀಗುವಷ್ಟರಲ್ಲಿ ಅಕ್ಕ ಎದ್ದೇಬಿಟ್ಟಳು.

"ಅಸ್ಕೊಂಡು ಕೂಗೋ ಮರೀನ ಸುಡ್ತಾರಾ? ಪಾಪ ಅಲ್ವೇನ್ಲಾ? ಪಕ್ಕ ಕಾಣ್ದಿದ್ರೆ ಮಂದೆ ಎಂಗ್ಲಾ ಕಾಯ್ಲಿ? ಆ ಸೂಜಿ ಬರ್ಲಿ, ಆಮೇಲ್ ನೋಡಾನ."

"ಅದು ಇಲಿಗೆ ಅಕ್ಕಾ!"

"ಇಲಿಗೆ ಬಂದದ್ದು ನಂಗೆ ಬರಾಕಿಲ್ವಾ? ನಡಿ, ಬಸ್ ಓಯ್ತದೆ."

ಹೀಗೆ ಬಂದದ್ದು ಬಸ್‌ಸ್ಟ್ಯಾಂಡಿಗೆ. ಅಲ್ಲಿ ಈ ನೊಣ.

"ಒಂದಲ್ಲ ಕಣ್ಲಾ, ನಾಕೈದು ಅವೆ. ಓಡ್ಸಿದ್ರೂ ಓಗಾಕಿಲ್ಲ."

ಬಲಗಣ್ಣು ಹೋಗುವ ಮೊದಲೂ ಹೀಗೇ ನೊಣ ಓಡಿಸಿದ್ದಳು; ಕಣ್ಣೊಳಗೆ ಸೋರಿದ ರಕ್ತದ ಚುಕ್ಕೆಗಳವು. ಅವಳಿಗೂ ನೆನಪಾಯಿತು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಂಡಕ್ಟರ್ "ಓಮಲೂರು, ಧರ್ಮಪುರಿ" ಎಂದು ಕೂಗುತ್ತಲೇ ಇದ್ದ.

ಮ್ಯಾಗಜೀನು ಸಾಕು ಎನಿಸಿತು. "ಅಕ್ಕಾ, ಬ್ಯಾಸಿಗೇಲಿ ಅವಳಿ ಮರಿ ಉಟ್ಟಿ, ತಾಯಿಗೆ ಆಲು ಸಾಲ್ದಿದ್ರೆ ಏನ್ ಮಾಡ್ತೀಯಾ?"

ಏನು ಮಾಡುತ್ತಾರೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಗಟ್ಟಿ ಮರಿಯನ್ನು ಕೆಚ್ಚಲಿಗೆ ಬಿಡುತ್ತಾರೆ. ಇನ್ನೊಂದನ್ನು ತಾಯಿಗೆ ಕೂಗು ಕೇಳಿಸದಷ್ಟು ದೂರ ಬುಟ್ಟಿಯಡಿ ಮುಚ್ಚಿಡುತ್ತಾರೆ. ಇಲ್ಲದಿದ್ದರೆ ಎರಡೂ ಹೋಗುತ್ತವೆ.

ಅಕ್ಕ ದುರುಗುಟ್ಟಿ ನೋಡಿದಳು. "ಬಡ್ಡೆತ್ತದೆ, ಆ ಮಾತು ಯಾಕ್ಲಾ ಎತ್ತಿದೆ?"

ಬಸ್ಸು ಹೊರಟಿತು. ಅವಳು ಹತ್ತಲಿಲ್ಲ. ನನ್ನ ತೋಳು ಹಿಡಿದು ಆಸ್ಪತ್ರೆಯತ್ತ ತಿರುಗಿದಳು. ಅವತ್ತೇ ಲೇಸರ್ ಹಾಕಿಸಿಕೊಂಡಳು.

ಎಡಗಣ್ಣು ಉಳಿದಿದೆ. ಪಕ್ಕದಿಂದ ಜಾರಿ ಯಾರದೋ ಹುರುಳಿ ಹೊಲಕ್ಕೆ ನುಗ್ಗುವ ಕುರಿ ಕಾಣುವುದಿಲ್ಲ. ಅಂಥ ಕಳ್ಳಕುರಿಗಳ ಕೊರಳಿಗೆ ಗಂಟೆ ಕಟ್ಟಿದ್ದಾಳೆ. ಕೈಗೆ ಸಿಕ್ಕ ಚಿಕಿತ್ಸೆಯನ್ನು ಬಿಟ್ಟು ಪೇಪರಿನಲ್ಲಿರುವ ಚಿಕಿತ್ಸೆಗೆ ಕಾಯುವ ಓದುಗರು (ಇದ್ದೀರಿ, ನನಗೆ ಗೊತ್ತು) ಆ ಗಂಟೆಯ ಸದ್ದು ಒಮ್ಮೆ ಕೇಳಬೇಕು.

ಆದರೆ ಸುಡದೆ ಉಳಿಸುವ ಆ ಸೂಜಿಯನ್ನು ಅಕ್ಕ ಮರೆತಿಲ್ಲ. ಮೊನ್ನೆ ಊರಿಗೆ ಹೋದಾಗ ಚೀಲ ಕೆಳಗಿಡುವ ಮೊದಲೇ ಕೇಳಿದಳು:

"ಇನ್ನೂ ಇಲಿಗೇ ಆಕ್ತಾವ್ರೇನ್ಲಾ? ನಮ್ ಸರದಿ ಯಾವಾಗ?"