ತೋಟಾ, ತೋಟೆ, ತೋಟ

ನನ್ನ ಮೊಬೈಲಿಗೆ ‘ತೋಟಾ’ ಎಂಬ ಪದದ ಮೇಲೆ ಅದೇನು ಸಿಟ್ಟೋ, ಕೋವಿಗೆ ಹಾಕುವ ಮದ್ದುಗುಂಡಿನ ಅರ್ಥದಲ್ಲಿ ನಾನು ಎಷ್ಟು ಸಲ ಒತ್ತಿದರೂ ಕೊನೆಯ ದೀರ್ಘವನ್ನು ಕತ್ತರಿಸಿ ‘ತೋಟ’ ಮಾಡಿಬಿಡುತ್ತದೆ. ಮೂಡುಬಿದಿರೆಯಲ್ಲಿ ಜೀವಮಾನವಿಡೀ ಮಕ್ಕಳ ಹ್ರಸ್ವದೀರ್ಘ ತಿದ್ದಿ ನಿವೃತ್ತನಾದ ಕನ್ನಡ ಮಾಷ್ಟ್ರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ, ನೀವೇ ಹೇಳಿ.

ಪದಗಳ ಜಾತಕ ಕೆದಕುವುದು ನನ್ನ ಚಟ. ಮುಂಡಾಜೆಯಲ್ಲಿದ್ದ ಅಕ್ಕನ ಗಂಡ, ನನ್ನ ಭಾವ, ಈ ಚಟದ ಖಾಯಂ ಬಲಿಪಶು. ಮಂಗ, ಹಂದಿಗಳಿಂದ ತೋಟದ ಬೆಳೆ ಕಾಯಲೆಂದು ಅವರಲ್ಲಿ ಲೈಸೆನ್ಸಿನ ಜೋಡುನಳಿಗೆ ಕೋವಿಯೊಂದಿತ್ತು. ಅದಕ್ಕೆ ‘ಹನ್ನೆರಡು ಬೋರ್’ ಎಂಬ ಹೆಸರು ಏಕೆಂದರೆ ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತದೆ, ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದಾಗುತ್ತದೆ ಎಂದು ನಾನು ವಿವರಿಸುತ್ತಿದ್ದೆ. (ಮಾಷ್ಟ್ರುಗಳ ವಿಷಯದಲ್ಲಿ ಇದು ತದ್ವಿರುದ್ಧ: ವಯಸ್ಸು ಹೆಚ್ಚಿದಷ್ಟೂ ಬಾಯಿ ಹಿಗ್ಗುತ್ತದೆ.) ರೈಫಲ್ಲಿನ ತೋಟಾಗಳದ್ದಂತೂ ಪುರೋಹಿತರಿಲ್ಲದ ನಾಮಕರಣ. ಪೊಲೀಸರ ಹಳೆಯ ‘ತ್ರೀ ನಾಟ್ ತ್ರೀ’ ಎಂದರೆ ಅಂಗುಲವನ್ನು ಸಾವಿರ ಪಾಲು ಮಾಡಿದಾಗ ಮುನ್ನೂರ ಮೂರು ಪಾಲಿನಷ್ಟು ಅಗಲ, ‘ತರ್ಟಿ ತರ್ಟಿ’ಯಲ್ಲಿ ಮೊದಲ ಮೂವತ್ತು ಅಂಗುಲದ ನೂರು ಪಾಲಿನ ಲೆಕ್ಕದ ಅಗಲವಾದರೆ ಎರಡನೆಯದು ಮದ್ದಿನ ತೂಕ, ‘ತರ್ಟಿ ನಾಟ್ ಸಿಕ್ಸ್’ನಲ್ಲಿ ಅದೇ ಜಾಗದಲ್ಲಿ ಕುಳಿತ ಆರು ಮಾತ್ರ ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ ಸಾವಿರದ ಒಂಬೈನೂರ ಆರನೆಯ ಇಸವಿಯ ಬಾಲ. ಇನ್ನು ‘ಕಾರ್ತೂಸು’ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗಿಳಿದ ಪದ. ಅದರ ಹುಟ್ಟು ಕಾಗದದ ಸುರುಳಿಯಲ್ಲಿ, ಏಕೆಂದರೆ ಮೊದಲೆಲ್ಲ ಮದ್ದನ್ನೂ ಗುಂಡನ್ನೂ ಕಾಗದದಲ್ಲೇ ಸುತ್ತಿಡುತ್ತಿದ್ದರು. ಇಷ್ಟೆಲ್ಲ ಕೇಳಿದ ಭಾವ ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗಿದು ಬಂದು, “ಇದೆಲ್ಲ ಹಂದಿಗೆ ಗೊತ್ತುಂಟಾ ಮಾರಾಯ?” ಎನ್ನುತ್ತಿದ್ದರು.

ಅವರಿಗೆ ಅದು ಬರೀ ‘ತೋಟೆ’. ನಮ್ಮ ಕಡೆ ಕೋವಿ ಹಿಡಿದವರೆಲ್ಲ ಹೇಳುವುದು ಹಾಗೆಯೇ. ತೋಟ ಕಾಯಲು ತೋಟೆ ಎಂಬ ನನ್ನ ಶ್ಲೇಷೆಗೆ ಅಕ್ಕ ಒಮ್ಮೆಯೂ ನಗಲಿಲ್ಲ. ಈಗಿನ ಪ್ಲಾಸ್ಟಿಕ್ಕಿನ ತೋಟೆ ಬಂಟ್ವಾಳದ ಅಂಗಡಿಯಿಂದ ತರುತ್ತಿದ್ದರೂ, ತಮ್ಮ ಅಪ್ಪನ ಕಾಲದಿಂದ ಉಳಿದಿದ್ದ ಕಾಗದದ ತೋಟೆಗಳ ಮೇಲೇ ಭಾವನಿಗೆ ಮೋಹ. ಅವಕ್ಕೆ ಒಂದು ದೋಷವುಂಟು: ತೇವ ಹೀರಿ ಉಬ್ಬಿದರೆ ನಳಿಗೆಯೊಳಗೆ ಇಳಿಯುವುದಿಲ್ಲ, ಆಗಾಗ ಒಣಗಿಸುತ್ತಿರಬೇಕು.

ಕಳೆದ ಚುನಾವಣೆಯ ನಿಯಮದ ಪ್ರಕಾರ, ಲೈಸೆನ್ಸಿದ್ದ ಎಲ್ಲರಂತೆ ಕೋವಿಯನ್ನು ಬೆಳ್ತಂಗಡಿ ಠಾಣೆಗೆ ಒಪ್ಪಿಸಿ ಬಂದ ಭಾವನಿಗೆ, ಅದು ಮರಳಿ ಸಿಗುವ ಮೊದಲೇ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಿಂದ ಮನೆಗೆ ತಂದಾಗ ಅವರ ಬಾಯಲ್ಲಿ ಉಳಿದದ್ದು ಒಂದೇ ಪದ, “ತೋಟ”. ಬಾಳೆಗೆ ಗೊಬ್ಬರ ಹಾಕಿದ್ದಾಯಿತು, ಮೆಣಸಿನ ಬಳ್ಳಿ ಚೆನ್ನಾಗಿ ಉಂಟು ಎಂದು ಅಕ್ಕ ದಿನವೂ ತಾಳ್ಮೆಯಿಂದ ವರದಿ ಒಪ್ಪಿಸುತ್ತಿದ್ದಳು. ಅವರು ಅದಲ್ಲವೆಂಬಂತೆ ತಲೆಯಾಡಿಸಿ, ಸರಿಯಿರುವ ಒಂದು ಕೈಯಿಂದ ಹಾಸಿಗೆ ಬಡಿದು ಅಳುತ್ತಿದ್ದರು. ಅಂಥ ಗಟ್ಟಿ ಮನುಷ್ಯ ಅತ್ತದ್ದನ್ನು ಕೇಳಿ ಮುಂಡಾಜೆಯ ಬಸ್ಸು ಹಿಡಿದೆ.

ನಾನು ನೋಡಲು ಹೋದ ದಿನ, ಅವರ ಮೈ ಒರೆಸುವ ಬಿಸಿನೀರಿಗೆಂದು ಅಕ್ಕ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಿ ಬಂದಿದ್ದಳು. ಭಾವ ಮತ್ತೆ ಅದೇ ಪದ ಹೇಳಿದರು. ಸೊಟ್ಟಗಾದ ತುಟಿಯಲ್ಲಿ ಕೊನೆಯ ಅಕ್ಷರ ಜಾರಿಹೋದದ್ದು ಕೇಳಿ, ತಪ್ಪು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದ ನನ್ನ ಕಿವಿ ನಿಮಿರಿತು.

“ಭಾವ, ತೋಟವೋ, ತೋಟೆಯೋ?”

ಅವರು ನನ್ನ ಕೈಯನ್ನು ನೋವಾಗುವಷ್ಟು ಹಿಡಿದು ಬಚ್ಚಲ ಕಡೆ ಕಣ್ಣು ಹೊರಳಿಸಿದರು. ಓಡಿಹೋಗಿ ನೋಡಿದೆ. ಪಾರ್ಶ್ವವಾಯು ಬಡಿದ ಬೆಳಿಗ್ಗೆ ಅವರೇ ಆರಿದ ಒಲೆಯ ಮೇಲಿನ ಗೂಡಿನಲ್ಲಿ ಒಣಗಲೆಂದು ಇಟ್ಟ ಬಿಸ್ಕತ್ತಿನ ಡಬ್ಬಿ ಅಲ್ಲೇ ಇತ್ತು, ಒಳಗೆ ಕಾಗದದ ತೋಟೆಗಳು. ಡಬ್ಬಿ ಬಟ್ಟೆ ಸುತ್ತಿಕೊಳ್ಳದೆ ಮುಟ್ಟಲಾಗದಷ್ಟು ಕಾದಿತ್ತು. ಅದರ ಕೆಳಗೇ ಕುಕ್ಕರುಗಾಲಲ್ಲಿ ಕೂತು ಅಕ್ಕ ದಿನವೂ ಬೆಂಕಿ ಊದುತ್ತಿದ್ದಳು. ಭಾವ ಅಷ್ಟು ದಿನ ಅತ್ತದ್ದು ಅವಳ ಜೀವಕ್ಕಾಗಿ.

ಡಬ್ಬಿ ಠಾಣೆಗೆ ಹೋಯಿತು. ಭಾವ ಕಣ್ತುಂಬ ನಿದ್ದೆ ಮಾಡಿದರು. ಅಕ್ಷರ ತಿದ್ದುವ ವಿದ್ಯೆ ಜೀವ ಉಳಿಸುತ್ತದೆಂದು ನಾನು ಮೂಡುಬಿದಿರೆಯ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಕೆಲವು ದಿನ ಕಳೆದು ಭಾವ ಮತ್ತೆ “ತೋಟ” ಎನ್ನತೊಡಗಿದರು. ಅಕ್ಕ ಗಾಬರಿಯಿಂದ ಫೋನು ಮಾಡಿದಳು, ನಾನು ಓಡಿದೆ. ಅಟ್ಟ, ಕಪಾಟು, ಅಕ್ಕಿಯ ಡ್ರಮ್ಮು, ದನದ ಹಟ್ಟಿ, ಏನೂ ಬಿಡದೆ ಜಾಲಾಡಿದೆವು. ತೋಟೆ ಇಲ್ಲ ಭಾವ, ಹೆದರಬೇಡಿ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಕಿಟಕಿಯ ಕಡೆ ನೋಡುತ್ತ ಅದನ್ನೇ ಹೇಳುತ್ತಲೇ ಇದ್ದರು. ಆ ವಾರವೇ ಹೋಗಿಬಿಟ್ಟರು.

ಕ್ರಿಯೆಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಅಕ್ಕ ಪಾತ್ರೆ ಒರೆಸುತ್ತ ನನ್ನ ಮುಖ ನೋಡದೆ ಹೇಳಿದಳು: “ಅವರಿಗೆ ತೋಟ ಒಮ್ಮೆ ನೋಡ್ಬೇಕಿತ್ತು ಅಂತ ಕಾಣ್ತದೆ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗ್ಬಹುದಿತ್ತು, ಅಲ್ವಾ?”

ನಾನು ಎದ್ದು ಭಾವನ ಕೋಣೆಗೆ ಹೋಗಿ ನೋಡಿದೆ, ಆ ಕಿಟಕಿಯಾಚೆ ಇದ್ದದ್ದು ತೋಟವೇ.

ಇದನ್ನೂ ಮೊಬೈಲಿನಲ್ಲೇ ಒತ್ತುತ್ತಿದ್ದೇನೆ. ಈಗಷ್ಟೇ ಅದು ನನ್ನ ‘ತೋಟಾ’ವನ್ನು ಮತ್ತೆ ‘ತೋಟ’ ಮಾಡಿತು. ತಿದ್ದಲು ಬೆರಳೆತ್ತಿದೆ, ಇರಲಿ ಎಂದು ಬಿಟ್ಟೆ.